ಬರೀ ಉಳುಕು ಎಂದೆ

ವೈದ್ಯರು ಆಡಬಾರದು ಎಂದಿದ್ದರು. ನಾನು ಆಡಬಹುದು ಎಂದೆ. ವೈದ್ಯರ ತಮಿಳಿಗೂ ಯೋಖೆನ್ ಅವರ ಜರ್ಮನ್ ಭಾಷೆಗೂ ನಡುವೆ ಅಂದು ಇದ್ದವಳು ನಾನೊಬ್ಬಳೇ. ನಾನು ತಪ್ಪಾಗಿ ಕೇಳಿಸಿಕೊಂಡದ್ದಲ್ಲ, ಸರಿಯಾದ ಪದ ಸಿಗದೆ ತಡವರಿಸಿದ್ದೂ ಅಲ್ಲ — ತಿಳಿದೂ ತಿಳಿದೂ ಬದಲಿಸಿದೆ. ಒಬ್ಬ ಆಟಗಾರನ ಹದಿನಾರು ವರ್ಷಗಳ ಆಟ ಅದರಿಂದ ಮುಗಿದುಹೋಯಿತು. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಮ್ಮದು ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿ. ಅಪ್ಪನಿಗೆ ಆರು ಪವರ್‌ಲೂಮ್. ಮನೆಯಲ್ಲಿ ಆಡುವುದು ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾದ ಮೇಲೆ, ಚಾಮರಾಜನಗರದ ಕಡೆಯವರಾದ ನನ್ನ ಅತ್ತೆಯಿಂದ. ತಮಿಳಿನಲ್ಲಿ ಕೇಳಿ ಜರ್ಮನ್‌ನಲ್ಲಿ ಸುಳ್ಳು ಹೇಳಿದವಳು ಮನೆಮಾತಿನಲ್ಲಾದರೂ ನಿಜ ಬರೆಯಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ನನಗೆ ಕೆಲಸ. ಜರ್ಮನಿಯ ಖರೀದಿದಾರರು ಹೆಚ್ಚು ಬರುತ್ತಾರೆಂದು ಕೊಯಮತ್ತೂರಿನಲ್ಲಿ ಸಂಜೆ ತರಗತಿಗೆ ಹೋಗಿ ಆ ಭಾಷೆ ಕಲಿತಿದ್ದೆ. ಆದರೂ ನನ್ನನ್ನು ಕೂರಿಸಿದ್ದು ಸ್ಯಾಂಪಲ್ ವಿಭಾಗದಲ್ಲಿ — ಬಣ್ಣದ ತುಂಡುಗಳಿಗೆ ಚೀಟಿ ಅಂಟಿಸುವುದು, ಪೆಟ್ಟಿಗೆ ಕಟ್ಟುವುದು. ನಮ್ಮ ಮಾಲೀಕರಿಗೆ ಫುಟ್‌ಬಾಲ್ ಹುಚ್ಚು. ಕೊಯಮತ್ತೂರಿನಲ್ಲಿ ಒಂದು ಕ್ಲಬ್ ನಡೆಸುತ್ತಿದ್ದರು. ಆ ವರ್ಷ ಜರ್ಮನಿಯಿಂದ ಒಬ್ಬ ಮಿಡ್‌ಫೀಲ್ಡರನ್ನು ಕರೆಸಿದರು. ಅವರ ಇಂಗ್ಲಿಷ್ ಮೈದಾನದ ಇಂಗ್ಲಿಷ್ — ಪಾಸ್, ಟರ್ನ್, ಲೆಫ್ಟ್, ರೈಟ್. ಅದರಾಚೆಗೆ ಸಾಲದು. ಅವರ ಮಾತಿಗೆ ಜೊತೆಯಾಗಲು ನನ್ನನ್ನು ಕಳಿಸಿದರು. ನನಗಾಗ ಇಪ್ಪತ್ತಾರು. ಯೋಖೆನ್ ಅವರಿಗೆ ಮೂವತ್ತಮೂರು.

ಜರ್ಮನಿಯ ಪೂರ್ವದ ಅಂಚಿನ ಒಂದು ಪುಟ್ಟ ಊರಿನವರು ಅವರು. ತಾಯಿ ನೂಲಿನ ಗಿರಣಿಯಲ್ಲಿದ್ದರು; ಗಿರಣಿ ಮುಚ್ಚಿದ ಮೇಲೆ ಶಾಲೆಯೊಂದರ ಅಡುಗೆಮನೆಯಲ್ಲಿ. ಆರನೇ ವಯಸ್ಸಿಗೆ ಊರಿನ ಕ್ಲಬ್ ಸೇರಿ, ಹದಿನೇಳಕ್ಕೆ ಪಟ್ಟಣಕ್ಕೆ ಹೋದರು. ಎರಡನೇ ದರ್ಜೆಯ ಲೀಗ್‌ನಲ್ಲಿ ಕೆಲವು ವರ್ಷ ಆಡಿದರು. ಎಲ್ಲಕ್ಕಿಂತ ಮೇಲಿನ ದರ್ಜೆಯಲ್ಲಿ ಆಡಿದ್ದು ಒಂದೇ ಪಂದ್ಯ — ಅದೂ ಬದಲಿಯಾಗಿ ಇಳಿದು, ಹನ್ನೊಂದು ನಿಮಿಷ. "ಆ ಹನ್ನೊಂದು ನಿಮಿಷದಲ್ಲಿ ನಾಲ್ಕು ಸಲ ಚೆಂಡು ಸಿಕ್ಕಿತು, ನಾಲ್ಕೂ ಸಲ ಸರಿಯಾದವರಿಗೇ ಕೊಟ್ಟೆ" ಎಂದು ನಗುತ್ತಿದ್ದರು. ಆಮೇಲೆ ಮೂರನೇ ದರ್ಜೆಯ ಒಂದು ತಂಡದ ನಾಯಕ, ಆ ಕ್ಲಬ್ ಮುಳುಗಿತು, ಸೈಪ್ರಸ್‌ನಲ್ಲಿ ಎರಡು ವರ್ಷ, ಅಲ್ಲಿಂದ ನಮ್ಮಲ್ಲಿಗೆ.

ನಮ್ಮ ಹುಡುಗರ ಬಾಯಲ್ಲಿ ಯೋಖೆನ್ ಯೋಗಣ್ಣ ಆದರು. ಗೋಲ್ ಹೊಡೆಯುವವರಲ್ಲ ಅವರು. ಚೆಂಡನ್ನು ತೆಗೆದುಕೊಂಡು, ಒಂದು ಕ್ಷಣ ನಿಂತು, ಯಾರೂ ನೋಡದ ಕಡೆ ಕೊಟ್ಟುಬಿಡುವವರು. ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಮಗ್ಗಗಳ ಸದ್ದಿನಲ್ಲಿ ಬಹಳ ಹೊತ್ತು ನಿಂತು ಲಾಳಿ ಓಡುವುದನ್ನೇ ನೋಡಿದರು. ಅಮ್ಮ, ಅವರಿಗೆ ಭಾಷೆ ಬರುತ್ತದೋ ಇಲ್ಲವೋ ಎಂಬ ಯೋಚನೆಯೇ ಇಲ್ಲದೆ, "ಇನ್ನೊಂದ್ ದೋಸೆ ಹಾಕ್ತೀನಿ, ವೆಟ್ಕಪಡಬ್ಯಾಡ ಕಣ್ಣು, ನಮ್ ಮನೆ ತಾನೇ" ಎಂದು ಬಡಿಸುತ್ತಲೇ ಇದ್ದಳು — ಸಂಕೋಚಪಡಬೇಡ ಮಗು, ಎಂದು. ಊಟದ ನಡುವೆ ಅವರು ನನಗೊಂದು ಮಾತು ಹೇಳಿದರು. ಈ ಸೀಸನ್ ಮುಗಿಸಿ ಊರಿಗೆ ಹೋಗುತ್ತಾರೆ. ಆರನೇ ವಯಸ್ಸಿನಲ್ಲಿ ಸೇರಿದ್ದ ಅದೇ ಕ್ಲಬ್ ಕರೆದಿದೆ. ಇನ್ನೆರಡು ವರ್ಷ ಅಲ್ಲಿ ಆಡಿ, ತಾಯಿಯ ಕಣ್ಣೆದುರೇ ಬೂಟು ಬಿಚ್ಚುವುದು — ಅಷ್ಟೇ ಅವರ ಆಸೆ.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಕೊನೆಯ ಪಂದ್ಯಕ್ಕೆ ಮೂರು ದಿನ ಮೊದಲು, ಅಭ್ಯಾಸದಲ್ಲಿ ತಿರುಗುವಾಗ ಅವರ ಬಲಮಂಡಿ ತಿರುಚಿತು. ಗೆದ್ದರೆ ಮೇಲಿನ ಲೀಗ್‌ಗೆ ಏರುವ ಪಂದ್ಯ ಅದು. ಕ್ಲಬ್ಬಿನ ವೈದ್ಯರು ಸ್ಕ್ಯಾನ್ ಮಾಡಿಸಿದರು. ಮರುದಿನ ಮಧ್ಯಾಹ್ನ ನನಗೇ ಫೋನ್ ಮಾಡಿದರು. "ಅಮ್ಮಾ, ಆ ತಂಬಿಯ ಮಂಡಿಯೊಳಗಿನ ಲಿಗಮೆಂಟ್ ಅರ್ಧ ಹರಿದಿದೆ. ಮೂರು ತಿಂಗಳು ಚೆಂಡು ಮುಟ್ಟಕೂಡದು. ಈಗ ಆಡಿದರೆ ಉಳಿದ ಅರ್ಧವೂ ಹೋಗುತ್ತೆ. ಅವರ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿಬಿಡಮ್ಮಾ." ಹೇಳ್ತೀನಿ ಸಾರ್, ಎಂದೆ.

ರಿಪೋರ್ಟ್ ಕ್ಲಬ್ಬಿನ ಮ್ಯಾನೇಜರ್ ಕೈಗೆ ಬಂದಿತ್ತು. ಅವರು ಮಾಲೀಕರ ಭಾವಮೈದ. ಲಕೋಟೆಯನ್ನು ನನ್ನ ಮುಂದೆ ಇಟ್ಟು, ಕಿಟಕಿಯಾಚೆ ನೋಡುತ್ತಾ, "ಪಾತ್ತು ಸೊಲ್ಲುಮ್ಮಾ" ಎಂದರು. ನೋಡಿಕೊಂಡು ಹೇಳಮ್ಮ — ಅಷ್ಟೇ. ಸುಳ್ಳು ಹೇಳು ಎನ್ನಲಿಲ್ಲ. ಹೆದರಿಸಲಿಲ್ಲ. ಏನು ಹೇಳಬೇಕೆಂಬುದನ್ನು ನನಗೇ ಬಿಟ್ಟರು. ಇಷ್ಟು ವರ್ಷ ಆ ಎರಡು ಪದಗಳ ಹಿಂದೆ ಅಡಗಿಕೊಂಡೆ, ಅದು ಆಜ್ಞೆಯಾಗಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆಗಿರಲಿಲ್ಲ.

ಹಾಗಾದರೆ ಏಕೆ ಸುಳ್ಳು ಹೇಳಿದೆ? ಅಪ್ಪ ಫೋನಿನಲ್ಲಿ, "ನಮ್ ತೆರುವಿನೋರೆಲ್ಲಾ ಬರ್ತಾರೆ ಕಣ್ಣು, ವ್ಯಾನ್‌ಗೆ ಹೇಳಾಯ್ತು" ಎಂದಿದ್ದರು, ನಮ್ಮ ಬೀದಿಯವರೆಲ್ಲ ಪಂದ್ಯ ನೋಡಲು ಬರುವವರಿದ್ದರು. ಆದರೆ ಅದಲ್ಲ ಕಾರಣ. ಪತ್ರಿಕೆಯಲ್ಲಿ ಯೋಖೆನ್ ಅವರ ಪಕ್ಕದಲ್ಲಿ ನನ್ನ ಫೋಟೊ ಬಂದಿತ್ತು. ಮಾಲೀಕರು ನನ್ನ ಹೆಸರು ಹಿಡಿದು ಕರೆಯತೊಡಗಿದ್ದರು. ಜರ್ಮನಿಯ ಖರೀದಿದಾರರು ಪಂದ್ಯಕ್ಕೆ ಬರುತ್ತಿದ್ದರು, ಅವರ ನಡುವೆ ಕೂರುವವಳು ನಾನು. ಯೋಖೆನ್ ಆಡದಿದ್ದರೆ ನಾನು ಯಾರಿಗೆ ಬೇಕು? ಸೋಮವಾರದಿಂದ ಮತ್ತೆ ಬಣ್ಣದ ತುಂಡುಗಳಿಗೆ ಚೀಟಿ. ಇಷ್ಟು ಸಣ್ಣ ಕಾರಣ ಅದು. ಬರೆಯುವಾಗ ಕೈ ನಾಚುತ್ತದೆ — ಆದರೆ ಇದಕ್ಕಿಂತ ದೊಡ್ಡದು ಯಾವುದೂ ಇರಲಿಲ್ಲ.

ಮೈದಾನದ ಪಕ್ಕದ ಬೇವಿನ ಮರದಡಿ ಯೋಖೆನ್ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದರು. "ವೈದ್ಯರು ಏನಂದರು, ಗಾಯತ್ರಿ?"

"ಬರೀ ಉಳುಕು," ಎಂದೆ. "ಎರಡು ದಿನ ಬಿಟ್ಟು ಆಡಬಹುದಂತೆ."

"ಖಂಡಿತವಾ?"

"ಖಂಡಿತ."

"ನೀವು ಹೇಳಿದ ಮೇಲೆ ಸರಿ," ಎಂದು ಐಸ್ ಚೀಲ ಪಕ್ಕಕ್ಕಿಟ್ಟರು. ಅವರ ಮುಖದಲ್ಲಿ ಕಂಡ ನೆಮ್ಮದಿ... ಬೇಡ, ಅದನ್ನು ಬರೆಯಲಾರೆ.

ಇನ್ನೊಂದು ಅವಕಾಶವೂ ಇತ್ತು ನನಗೆ. ಪಂದ್ಯಕ್ಕೆ ಮೊದಲು ಮೈ ಬಿಸಿ ಮಾಡಿಕೊಳ್ಳುವಾಗ ಓಟ ನಿಲ್ಲಿಸಿ ಗೆರೆಯ ಬಳಿಗೆ ಬಂದರು. "ಒಳಗೆ ಏನೋ ಜಾರಿದ ಹಾಗಾಗುತ್ತಿದೆ. ವೈದ್ಯರು ನಿಜವಾಗಿ ಉಳುಕು ಎಂದರಾ?" ನನ್ನ ಹಿಂದೆ ಖರೀದಿದಾರರು ಕೂತಿದ್ದರು. ಅವರಾಚೆ ನಮ್ಮ ಬೀದಿಯವರು, ಅಮ್ಮನೂ ಇದ್ದಳು. ಆಗಲೂ ಒಂದು ಮಾತು ಸಾಕಿತ್ತು. "ಪಟ್ಟಿಯನ್ನು ಬಿಗಿಯಾಗಿ ಕಟ್ಟಿಸಿಕೊಳ್ಳಿ" ಎಂದೆ.

ಐವತ್ತನೇ ನಿಮಿಷದ ಸುಮಾರಿಗೆ ಅವರು ಬಿದ್ದರು. ಯಾರೂ ಮುಟ್ಟಿರಲಿಲ್ಲ. ಚೆಂಡನ್ನು ಎಡಗಡೆ ಕೊಟ್ಟು ಬಲಕ್ಕೆ ತಿರುಗಿದರು, ಕಾಲು ಅಲ್ಲೇ ಉಳಿಯಿತು. ಆ ಕೂಗು ಯಾವ ಭಾಷೆಯದೂ ಅಲ್ಲ. ಅದಕ್ಕೆ ನನ್ನ ಅಗತ್ಯವಿರಲಿಲ್ಲ. ಪಂದ್ಯವನ್ನೂ ಸೋತೆವು.

ಸಂಜೆ ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಬದಿಗೆ ಕರೆದರು. "ಹೇಳಿದೆಯಲ್ಲಾಮ್ಮಾ ಅವರಿಗೆ?"

"ಹೇಳಿದೆ ಸಾರ್. ಕೇಳಲಿಲ್ಲ."

ಅವರು ತಲೆಯಾಡಿಸಿ, "ಆಟಗಾರರೇ ಹಂಗೆ" ಎಂದು ಹೊರಟುಹೋದರು. ಮೊದಲ ಸುಳ್ಳು ಮಂಡಿಯನ್ನು ತೆಗೆಯಿತು. ಎರಡನೆಯದರಲ್ಲಿ ತಪ್ಪನ್ನೂ ಅವರ ಮೇಲೆಯೇ ಹೊರಿಸಿದೆ.

ಯೋಖೆನ್ ಊರಿಗೆ ಹೋದ ಮೇಲೆ ಎರಡು ಸಲ ಆಪರೇಷನ್ ಆಯಿತು. ಅವರು ಮತ್ತೆ ಆಡಲಿಲ್ಲ. ತಾಯಿಯ ಎದುರು ಬೂಟು ಬಿಚ್ಚುವ ದಿನ ಬರಲೇ ಇಲ್ಲ. ಆದರೂ ಪ್ರತಿ ವರ್ಷ ಪೊಂಗಲ್‌ಗೆ ತಪ್ಪದೆ ನನಗೆ ಶುಭಾಶಯ ಬರೆಯುತ್ತಿದ್ದರು, ಅಮ್ಮನ ದೋಸೆಯ ಬಗ್ಗೆ ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ಕಂಪನಿಯ ಕೆಲಸದ ಮೇಲೆ ನಾನು ಜರ್ಮನಿಗೆ ಹೋದಾಗ — ಹೌದು, ಆ ಬಡ್ತಿಯೂ ಸಿಕ್ಕಿತು ನನಗೆ — ಮೂರು ಗಂಟೆ ರೈಲಿನಲ್ಲಿ ಬಂದು ಭೇಟಿಯಾದರು. ಜೊತೆಗೆ ಪತ್ನಿ. ನಿಲ್ದಾಣದ ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಇಳಿಯುತ್ತಿದ್ದರು. "ಅಲ್ಲಿ ನನ್ನ ಕಿವಿ, ನನ್ನ ಬಾಯಿ, ಎರಡೂ ಇವರೇ" ಎಂದು ಪತ್ನಿಗೆ ನನ್ನನ್ನು ಪರಿಚಯಿಸಿದರು. ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. ಅಂದೂ ನಾನು ಕಾಫಿ ಕುಡಿದು, ನಕ್ಕು, ಫೋಟೊ ತೆಗೆಸಿಕೊಂಡು ಬಂದೆ.

ಹೋದ ತಿಂಗಳು ಅವರಿಂದ ಒಂದು ಪತ್ರ ಬಂತು. ಈಗ ತಮ್ಮ ಊರಿನ ಕ್ಲಬ್‌ನಲ್ಲಿ ಎಳೆಯರಿಗೆ ಆಟ ಹೇಳಿಕೊಡುತ್ತಾರೆ. ಗಾಯದ ಬಗ್ಗೆ ಆ ಮಕ್ಕಳ ಮುಂದೆ ಮಾತಾಡಬೇಕಾಗಿತ್ತು. "ನನ್ನ ಕಥೆಯನ್ನೇ ಹೇಳುತ್ತೇನೆ," ಎಂದು ಬರೆದಿದ್ದರು. "ಅಂದು ಮಂಡಿ ಜಾರುತ್ತಿದ್ದದ್ದು ನನಗೆ ಗೊತ್ತಾಗಿತ್ತು. ಆದರೂ ಹಟದಿಂದ ಆಡಿದೆ. ತಪ್ಪು ನನ್ನದೇ, ಪಾಪ, ಆ ವೈದ್ಯರದ್ದಲ್ಲ. ಅವರ ಬಗ್ಗೆ ಅನ್ಯಾಯದ ಮಾತು ಬರಬಾರದು ನನ್ನಿಂದ. ಅವರು ಅಂದು ಸರಿಯಾಗಿ ಏನಂದರು, ನೆನಪಿದ್ದರೆ ಬರೆಯುತ್ತೀರಾ?"

ನೆನಪಿತ್ತು. ಒಂದೊಂದು ಪದವೂ ನೆನಪಿತ್ತು. ನಾಲ್ಕು ದಿನ ಆ ಪತ್ರವನ್ನು ತೆರೆದು ಮುಚ್ಚಿದೆ. ಐದನೇ ದಿನ, ಆಫೀಸಿನ ಊಟದ ಬಿಡುವಿನಲ್ಲಿ ಮಹಡಿಗೆ ಹೋಗಿ ಫೋನ್ ಮಾಡಿದೆ. ಪೀಠಿಕೆ ಹಾಕಲಿಲ್ಲ. ವೈದ್ಯರ ಮಾತನ್ನು ಹೇಗೆ ಕೇಳಿದ್ದೆನೋ ಹಾಗೇ, ಎಂಟು ವರ್ಷ ತಡವಾಗಿ, ಅವರ ಭಾಷೆಗೆ ತಂದು ಹೇಳಿದೆ. ಆಮೇಲೆ ನಾನು ಏನು ಹೇಳಿದ್ದೆ ಎಂಬುದನ್ನೂ, ಆಸ್ಪತ್ರೆಯಲ್ಲಿ ಅವರ ಬಗ್ಗೆ ಏನು ಹೇಳಿದೆ ಎಂಬುದನ್ನೂ. ಮ್ಯಾನೇಜರ್ ಹೆಸರು ಎತ್ತಲಿಲ್ಲ.

ಆ ಕಡೆ ದೂರದಲ್ಲಿ ಎಲ್ಲೋ ಚೆಂಡು ಪುಟಿಯುವ ಸದ್ದು.

"ವೈದ್ಯರು ಇದನ್ನು ಹೇಳಿದ್ದು ಪಂದ್ಯಕ್ಕೆ ಮೊದಲೋ, ಆಮೇಲೋ?"

"ಮೊದಲು."

"ನಾನು ಗೆರೆಯ ಹತ್ತಿರ ಬಂದು ಕೇಳಿದಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಆಮೇಲೆ ಅವರು ಮೆಲ್ಲಗೆ, ನನಗಲ್ಲ, ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು — "ಹಾಗಾದರೆ ಆ ತಪ್ಪು ನನ್ನದಾಗಿರಲಿಲ್ಲ." ಫೋನ್ ಇಟ್ಟರು.

ನಾನು ಅವರಿಂದ ಕಿತ್ತುಕೊಂಡದ್ದು ಎರಡು ವರ್ಷದ ಆಟ, ಒಂದು ಮಂಡಿ ಎಂದುಕೊಂಡಿದ್ದೆ. ಎಂಟು ವರ್ಷ ಪ್ರತಿ ಮೆಟ್ಟಿಲಿನಲ್ಲೂ ಆ ಮನುಷ್ಯ ತನ್ನನ್ನು ತಾನೇ ಬೈದುಕೊಂಡೇ ಇಳಿದಿರಬೇಕು. ಅದು ನನ್ನ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಅವರು ಮತ್ತೆ ಬರೆದಿಲ್ಲ. ಬರೆಯಬೇಕೆಂದು ಕೇಳುವ ಹಕ್ಕು ನನಗಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ — ಕೇಳಿದರೆ ಕೊಡುವ ಭಾರವೂ ಅವರ ಮೇಲೆಯೇ ಬೀಳುತ್ತಿತ್ತು. ಆ ವೈದ್ಯರು ನಿವೃತ್ತರಾಗಿ ಈಗ ತೊಂಡಾಮುತ್ತೂರಿನಲ್ಲಿದ್ದಾರೆ. ತಮ್ಮ ಮಾತನ್ನು ಮೀರಿ ಆಡಿದ ಹಟಮಾರಿ ಎಂದೇ ಅವರು ಇನ್ನೂ ಯೋಖೆನ್‌ರನ್ನು ನೆನೆಯುತ್ತಿರಬಹುದು. ನಾಳೆ ಬೆಳಿಗ್ಗೆ ಬಸ್ ಹಿಡಿದು ಅಲ್ಲಿಗೆ ಹೋಗುತ್ತಿದ್ದೇನೆ. ನಾನು ಹೇಳಲೇ ಇಲ್ಲ ಸಾರ್, ಎನ್ನಬೇಕು. ತಮಿಳಿನಲ್ಲಿ ಅದಕ್ಕೆ ಮೂರೇ ಪದ.