ಲೋಲಾಕ್ಷಿಯ ಹೆಸರಿನ ಸಂಬಳ

ಬ್ಯಾಂಕಿನ ಗುಮಾಸ್ತ ಅರ್ಜಿಯಲ್ಲಿ ಉದ್ಯೋಗ ಎಂದಿದ್ದ ಕಡೆ 'ಗೃಹಿಣಿ' ಎಂದು ಬರೆದಾಗ ಲೋಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷದಿಂದ ಹಿಂದಿ ಸೀಮೆಯ ಪೀತಮ್‌ಪುರದ ಸುರೇಶಣ್ಣನ ಹೋಟೆಲಿನಲ್ಲಿ ದಿನಕ್ಕೆ ನಲವತ್ತು ಕಿಲೋ ಅಕ್ಕಿ ರುಬ್ಬಿ ಹಿಟ್ಟು ಹದ ಮಾಡುವವಳು ಬರೀ ಗೃಹಿಣಿಯಂತೆ! ಸ್ವಂತ ದೋಸೆಹಿಟ್ಟಿನ ಅಂಗಡಿಗೆ ಸಾಲ ಕೇಳಲು ಹೋದರೆ, ನಿಮ್ಮ ಹೆಸರಿನಲ್ಲಿ ಆದಾಯ ತೆರಿಗೆ ರಿಟರ್ನ್ ಇದ್ದರೆ ಬನ್ನಿ ಎಂದು ಅವನು ಕೈ ತೊಳೆದುಕೊಂಡ. ರಿಟರ್ನ್ ಸಲ್ಲಿಸಲು ಇನ್ನು ಹದಿನೆಂಟೇ ದಿನ.

ಮನೆಗೆ ಬಂದವಳೇ ಮಗಳು ಮೋನಿಷಾಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ತೆರಿಗೆ ಇಲಾಖೆಯ ಪುಟದಲ್ಲಿ ಅವಳ ಪ್ಯಾನ್ ನಂಬರಿಗೆ ಒಂದು ರೂಪಾಯಿ ಸಂಬಳವೂ ಇರಲಿಲ್ಲ. ಎಲ್ಲವೂ ಅದೇ ಹೋಟೆಲಿನಲ್ಲಿ ದುಡಿಯುವ ಗಂಡ ರಮಾನಾಥನ ಪ್ಯಾನ್‌ನಲ್ಲಿ ಆರಾಮಾಗಿ ಕೂತಿತ್ತು.

"ಮಮ್ಮಿ, ಇಬ್ಬರ ಸಂಬಳಾನೂ ಪಪ್ಪಾ ಮೇಲೆ ಹಾಕಿದ್ದಾರೆ. ಇಸೀಲಿಯೇ, ಅದಕ್ಕೇ ಟಿಡಿಎಸ್ ಕಟ್ ಆಗಿದೆ. ಅಲಗ್ ಅಲಗ್, ಬೇರೆ ಬೇರೆ ಇದ್ರೆ ಯಾರಿಗೂ ಟ್ಯಾಕ್ಸೇ ಬರಲ್ಲ!"

ಇದರಲ್ಲಿ ಮೋಸವೇನಿಲ್ಲ, ಆ ಹೋಟೆಲಿನ ಪದ್ಧತಿಯೇ ಹಾಗೆ. ಊರಿನಿಂದ ಜೋಡಿಯಾಗಿ ಬಂದವರಿಗೆ ಒಂದು ಕೋಣೆ, ಸಂಬಳದ ಒಂದು ಲಕೋಟೆ. ಲಕೋಟೆ ಹೋಗಿ ಬ್ಯಾಂಕ್ ಖಾತೆ ಬಂದಾಗಲೂ ಒಂದೇ ಖಾತೆ, ಅದೂ ಗಂಡನದು. ಸಂಬಳದಲ್ಲಿ ಹಿಡಿದ ತೆರಿಗೆಯನ್ನೂ ಅವನ ಹೆಸರಿಗೇ ಕಟ್ಟಿದ್ದರು.

ಮರುದಿನ ಬೆಳಿಗ್ಗೆ ಸೀದಾ ಗಲ್ಲಾದ ಮುಂದೆ ಹೋಗಿ ನಿಂತಳು. ಸುರೇಶಣ್ಣ ನಕ್ಕುಬಿಟ್ಟರು.

"ಗಂಡ ಹೆಂಡತಿಯಲ್ಲಿ ಎಂತ ಬೇರೆ, ಲೋಲಾಕ್ಷಿ? ಒಂದೇ ಮನೆ ಅಲ್ವಾ?"

"ಇವರಿಗೆ ಟೈಫಾಯ್ಡ್ ಬಂದಾಗ ಹನ್ನೆರಡು ದಿನದ ಸಂಬಳ ಕಟ್ ಮಾಡಿದ್ರಿ. ನಾನು ದಿನಾ ಬಂದೆ, ನನ್ನದು ಮುಟ್ಟಲಿಲ್ಲ. ಆಗ ನಾವು ಬೇರೆ ಬೇರೆ ಅಂತ ನಿಮಗೆ ಗೊತ್ತಿತ್ತಲ್ಲ ಸುರೇಶಣ್ಣ!"

ಅವರು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ. ಲೆಕ್ಕಪತ್ರ ನೋಡುವ ಮನೋಜ್‌ಗೆ ಅಲ್ಲೇ ಫೋನ್ ಹಚ್ಚಿ, ಹಾಜರಿ ಪುಸ್ತಕ ತೆಗೆದು ಇಬ್ಬರ ಸಂಬಳ ಬೇರೆ ಮಾಡು, ಕಟ್ಟಿದ ತೆರಿಗೆಯ ತಿದ್ದುಪಡಿ ಇವತ್ತೇ ಸಲ್ಲಿಸು ಎಂದರು.

ಆಮೇಲೆ ಶುರುವಾಯಿತು ನೋಡಿ ಲೋಲಾಕ್ಷಿಯ ಕಾಟ! ಹಾಲಿನ ಭಯ್ಯಾ ಬರುವ ಮೊದಲೇ ಮಗಳನ್ನು ಎಬ್ಬಿಸಿ, ತೆರಿಗೆಯ ಪುಟದಲ್ಲಿ ತನ್ನ ಹೆಸರು "ಬಂತಾ?" ಎನ್ನುವಳು. ಇಲ್ಲ. ಮಧ್ಯಾಹ್ನ ಕಾಲೇಜಿಗೆ ಫೋನ್ ಮಾಡಿ ಮತ್ತೆ, "ಬಂತಾ?" ಇಲ್ಲ. ಕೊನೆಯ ದಿನಕ್ಕೆ ಮೂರೇ ದಿನ ಇರುವಾಗ ಮೋನಿಷಾ ಹಾಸಿಗೆಯಿಂದಲೇ ಕಿರುಚಿದಳು.

"ಆ ಗಯಾ ಮಮ್ಮಿ! ನಿಮ್ಮ ಹೆಸರು ಬಂತು!"

ಲೋಲಾಕ್ಷಿ ಕೈಯಲ್ಲಿದ್ದ ಸೌಟು ಬಿಸಾಕಿ ಓಡಿದಳು. ಹನ್ನೆರಡು ತಿಂಗಳ ಸಂಬಳ, ಸಾಲಾಗಿ, ಅವಳದೇ ಹೆಸರಿನಲ್ಲಿ! ಮೋನಿಷಾ ಅಪ್ಪನ ಪುಟವನ್ನೂ ಪಕ್ಕದಲ್ಲಿ ತೆರೆದು, ಒಮ್ಮೆ ಇತ್ತ ಒಮ್ಮೆ ಅತ್ತ ನೋಡಿ, ಬಿದ್ದು ಬಿದ್ದು ನಕ್ಕಳು.

"ಪಪ್ಪಾ, ಮಮ್ಮಿದು ನಿಮಗಿಂತ ಇಪ್ಪತ್ನಾಲ್ಕು ಸಾವಿರ ಜಾಸ್ತಿ!"

ಒಟ್ಟಿಗೆ ಬರುವ ಸಂಬಳದಲ್ಲಿ ಯಾರದೆಷ್ಟು ಎಂದು ಇಬ್ಬರೂ ಒಂದು ದಿನವೂ ಕೇಳಿರಲಿಲ್ಲ. ರಮಾನಾಥ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಅಲ್ಲೇ ಕೂತ.

"ಅಲ್ಲ ಮಾರಾಯ್ತಿ, ಪ್ರತಿ ತಿಂಗಳು ಮನೆಖರ್ಚಿಗೆ ಅಂತ ದೊಡ್ಡ ಯಜಮಾನನ ಹಾಗೆ ಎಣಿಸಿ ಕೊಡ್ತಿದ್ದೆನಲ್ಲ, ಅದು ನಿನ್ನದೇ ದುಡ್ಡಾ?"

ಲೋಲಾಕ್ಷಿ ಮಗಳ ಕೈ ಸರಿಸಿ, ರಿಟರ್ನ್ ಸಲ್ಲಿಸುವ ಗುಂಡಿಯನ್ನು ತಾನೇ ಒತ್ತಿದಳು.