ಕಂಬಳಿಯಲ್ಲಿ ಸುತ್ತಿ ಬಂದ ಬೋರ್ಡು

ಹೋದ ವಾರ ಕೊಟ್ಟೂರಿನ ನಮ್ಮ ಮನೆಗೆ ಮಾಗಳದಿಂದ ಒಂದು ಗಂಟು ಬಂತು. ಬಿಚ್ಚುವ ಮೊದಲೇ ವಾಸನೆ ಮೂಗಿಗೆ ಹತ್ತಿತು. ಕುರಿ ಉಣ್ಣೆಯ ವಾಸನೆ, ಅದರೊಳಗೆ ಇಳಿದು ಕೂತ ಡೀಸೆಲ್ ವಾಸನೆ... ಕರಿ ಕಂಬಳಿಯ ಮಡಿಕೆಯಲ್ಲಿ ಕೆಂಪು ಬಳಿದ ತಗಡಿನ ಬೋರ್ಡು, ಅದರ ಮೇಲೆ ಹಳದಿ ಅಕ್ಷರಗಳಲ್ಲಿ ‘ತಂದೆಯ ಆಶೀರ್ವಾದ’. ಕಂಬಳಿಯ ಮೂಲೆಗೆ ಕಟ್ಟಿದ ಬಟ್ಟೆಯ ತುಂಡಿನಲ್ಲಿ ನಾಲ್ಕು ಬೋಲ್ಟು.

ತಂದ ಹೆಣ್ಣುಮಗಳು ನೀರು ಕುಡಿದು ಹೇಳಿದಳು. “ಹೋಗೂ ಮುಂಚೆ ನಮ್ಮನಿಯವರು ಹೇಳಿದ್ರು ರೀ, ಇದನ್ನ ಅಕ್ಕಾರ ಕೈಗೇ ಕೊಡು ಅಂತ.”

ಆಕೆ ಗಾಡಿಯಣ್ಣನ ಹೆಂಡತಿ. ಅವನು ತೀರಿಕೊಂಡು ಎರಡು ತಿಂಗಳಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಅವನು ಅಪ್ಪನ ಗಾಡಿಯ ಡ್ರೈವರ್. ಮನೆಯಲ್ಲಿ ಎಲ್ಲರೂ ಗಾಡಿಯಣ್ಣ ಎನ್ನುತ್ತಿದ್ದೆವು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವನಾದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದ. ಅದರಲ್ಲಿ ಗೌರವ ಎಷ್ಟಿತ್ತು, ತಮಾಷೆ ಎಷ್ಟಿತ್ತು ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ.

ಅಪ್ಪನ ಹತ್ತಿರ ಮೆಕ್ಕೆಜೋಳ ಬಿಡಿಸುವ ಮಶೀನು ಇತ್ತು. ಸುಗ್ಗಿಯಲ್ಲಿ ಅದನ್ನು ಇವತ್ತು ತಂಬ್ರಹಳ್ಳಿಗೆ, ನಾಳೆ ತೆಲಿಗಿಗೆ ಎಳೆದೊಯ್ಯಬೇಕು. ಟ್ರ್ಯಾಕ್ಟರ್ ಕಟ್ಟಿದರೆ ದಾರಿಯಲ್ಲೇ ಹೊತ್ತು ಹೋಗುತ್ತದೆಂದು ಅಪ್ಪ ಹಳೆಯ ಪಿಕಪ್ ಒಂದನ್ನು ಕೊಂಡು ತಂದ. ಹೊಲದ ದಾರಿಯ ಕಲ್ಲು ಅದರ ಹೊಟ್ಟೆಗೆ ಬಡಿಯುತ್ತಿತ್ತು. ಅಪ್ಪನೂ ಗಾಡಿಯಣ್ಣನೂ ಸೇರಿ ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿ ಕೂಡಿಸಿ, ದೊಡ್ಡ ಟೈರು ಹಾಕಿ, ಗಾಡಿಯನ್ನು ಒಂದು ಗೇಣು ಎತ್ತರಿಸಿದರು. ನೋಡಲು ಭರ್ಜರಿಯಾಯಿತು, ಆದರೆ ಹಿಂದೆ ಮಶೀನು ಕಟ್ಟಿದರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಎಳೆಯುವ ಶಕ್ತಿ ಅಷ್ಟೇ ಕಡಿಮೆಯಾಗುತ್ತದೆ. ಹಿಂದಿನ ಆಕ್ಸಲಿನೊಳಗಿನ ಹಲ್ಲುಚಕ್ರ ಬದಲಿಸಬೇಕು ಎಂದವನು ಗಾಡಿಯಣ್ಣ. ಇಬ್ಬರೂ ದಾವಣಗೆರೆಯ ಹಳೇ ಸಾಮಾನಿನ ಅಂಗಡಿಗಳನ್ನು ವಾರವಿಡೀ ಸುತ್ತಿ ಅದನ್ನು ಹುಡುಕಿ ತಂದರು.

ನಾನು ಆಗ ಎಂ.ಎ. ಮುಗಿಸಿ ಬಂದಿದ್ದೆ. ಊಟಕ್ಕೆ ಕೂತರೆ ಅಪ್ಪನ ಮಾತೆಲ್ಲ ಆ ಚಕ್ರದ ಹಲ್ಲಿನ ಲೆಕ್ಕ. ನನ್ನನ್ನು ಕೇಳುತ್ತಿದ್ದುದು ಒಂದೇ: “ಉಂಡೇನವಾ?” ನಾನು ಏನು ಓದಿದೆ ಎಂದು ಅಪ್ಪ ಯಾವತ್ತೂ ಕೇಳಲಿಲ್ಲ... ಅಥವಾ ಕೇಳಿದ್ದನೇನೋ, ಹೊಟ್ಟೆಕಿಚ್ಚಿನಲ್ಲಿ ನಾನೇ ಅದನ್ನು ಅಳಿಸಿ ಹಾಕಿದೆನೇನೋ. ಗಾಡಿ ಕಲಿಸು ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. “ನಿನಗ್ಯಾಕವಾ ಆ ಕಬ್ಬಿಣದ ಕೆಲಸ” ಎಂದ. ಸ್ಟೀರಿಂಗಿನ ಹಿಂದೆ ಕೂತವನ ಬೆನ್ನು ಕಂಡರೇ ನನಗೆ ಉರಿಯುತ್ತಿತ್ತು.

ಆ ವರ್ಷ ಕೂಡ್ಲಿಗಿಯ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಈ ಬೋರ್ಡು ಬರೆಸಿದೆ. ಆಯುಧಪೂಜೆಯ ದಿನ ಗಾಡಿಗೆ ಕುಂಬಳಕಾಯಿ ಒಡೆದ ಮೇಲೆ ಎಲ್ಲರೆದುರು ಮುಂಭಾಗದ ಜಾಲರಿಗೆ ನಾಲ್ಕು ಬೋಲ್ಟು ಹಾಕಿ ಕೂಡಿಸಿದೆ. ಗಾಡಿ ಯಾರೇ ಓಡಿಸಲಿ, ಆಶೀರ್ವಾದ ಯಾರದು ಎಂದು ಊರು ಓದಲಿ ಎಂಬುದೇ ನನ್ನ ಹಟ. ಅಪ್ಪ ಒಮ್ಮೆ ನೋಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಾಗಿದ.

ಮೂರನೆಯ ದಿನ ಗಾಡಿ ಏರಿನಲ್ಲಿ ಕುದಿಯಿತು. ರೇಡಿಯೇಟರಿನಿಂದ ಹಬೆ ಎದ್ದು, ಮಶೀನು ಅರ್ಧ ದಾರಿಯಲ್ಲಿ ನಿಂತಿತು. ಸಂಜೆ ಅಂಗಳದಲ್ಲಿ ಅಪ್ಪ ಮೊದಲ ಬಾರಿಗೆ ಅವನ ಮೇಲೆ ರೇಗಿದ.

“ಟಾಪ್ ಗೇರಿನಾಗ ಎಳದೀ ಏನಲೇ? ಖರೇ ಹೇಳು.”

ಅವನು ಬೋರ್ಡಿನ ಕಡೆ ಒಮ್ಮೆ ನೋಡಿದ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲಿಲ್ಲ. “ಹೌದ್ರಿ ಯಜಮಾನ್ರ. ಗ್ಯಾನ ತಪ್ಪಿತ್ರಿ.”

ನನಗೆ ಖುಷಿಯಾಯಿತು. ಇದನ್ನು ಮೆತ್ತಗೆ ಬರೆಯುವ ದಾರಿ ಇಲ್ಲ.

ಅಂದಿನಿಂದ ಅಪ್ಪ ಏರು ಬರುವ ಹೊತ್ತು ನೋಡಿ ಫೋನು ಮಾಡಿ ಎಷ್ಟನೇ ಗೇರು ಎಂದು ಕೇಳತೊಡಗಿದ. “ಎಷ್ಟ್ರಾಗ ಅದೀಲೇ?” ಅವನು ಪ್ರತಿ ಸಲವೂ ಗಾಡಿ ಬದಿಗೆ ನಿಲ್ಲಿಸಿ ಉತ್ತರ ಕೊಡುತ್ತಿದ್ದ. “ಮೂರರಾಗ್ರಿ ಯಜಮಾನ್ರ.” ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಅವನಂಥ ಡ್ರೈವರ್ ಇಲ್ಲ ಎನ್ನುತ್ತಿದ್ದ ಅಪ್ಪ, ಈಗ ಬಂದವರಿಗೆಲ್ಲ ಅವನನ್ನು ‘ಗೇರ್ ಮರ್ತಾತ’ ಎಂದು ತೋರಿಸಿ ನಗುತ್ತಿದ್ದ. ಅವನೂ ನಗುತ್ತಿದ್ದ. ಗಾಡಿ ಮಾತ್ರ ಮತ್ತೆಂದೂ ಕುದಿಯಲಿಲ್ಲ.

ಒಂದು ಭಾನುವಾರ ಹಡಗಲಿಗೆ ಹೋಗಬೇಕಿದ್ದ ನಾನು ಬಸ್ಸು ತಪ್ಪಿ, ಮಶೀನು ಎಳೆದುಕೊಂಡು ಅದೇ ಕಡೆ ಹೊರಟಿದ್ದ ಅವನ ಗಾಡಿ ಹತ್ತಿದೆ. ಊರು ದಾಟಿದ ಮೇಲೆ ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿದ.

“ಅಕ್ಕಾರ, ಐದು ನಿಮಿಷ ಆ ಕಡಿ ಹೊಲ ನೋಡ್ರಿ.”

“ಯಾಕಣ್ಣಾ?”

“ಬೆಳಿ ಚಲೋ ಐತಿ, ಅದಕ್ಕ.”

ನಾನು ನೋಡಲಿಲ್ಲ. ಅವನು ಸ್ಪ್ಯಾನರು ಹಿಡಿದು ಗಾಡಿಯ ಮುಂದೆ ಹೋದ. ಬೋಲ್ಟುಗಳು ದಿನವೂ ಬಿಚ್ಚಿದವುಗಳಂತೆ ಬೆರಳಿಗೇ ಸಡಿಲಾಗಿ ಬಂದವು. ಬೋರ್ಡನ್ನು ಕಂಬಳಿಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟ.

“ಗಾಡಿಗೂ ಉಸುರು ಬೇಕಲ್ರಿ ಅಕ್ಕಾರ. ಮೂಗು ಮುಚ್ಚಿದ್ರ ಏರು ಹೆಂಗ ಹತ್ತತೈತಿ? ವಾಪಸ್ ಬರುವಾಗ ಇಲ್ಲೇ ಮತ್ತ ಹಾಕ್ತೀನಿ.”

ಅಂದು ಕುದಿಸಿದ್ದು ಗೇರಲ್ಲ, ನನ್ನ ಬೋರ್ಡು! ಅದು ರೇಡಿಯೇಟರಿಗೆ ಹೋಗುವ ಗಾಳಿಯನ್ನೇ ಮುಚ್ಚಿತ್ತು. “ಅಪ್ಪಗ ಯಾಕ ಹೇಳಲಿಲ್ಲ?” ಎಂದೆ.

“ಯಜಮಾನ್ರು ದಿನಾ ಬೆಳಿಗ್ಗಿ ತಮ್ಮ ಟವೆಲ್ಲಿಲೇ ಅದನ್ನ ಒರೆಸ್ತಾರ್ರಿ. ಯಾರೂ ಇಲ್ಲದಾಗ. ಅದನ್ನ ಬಿಚ್ಚೋಣು ಅಂತ ಹೆಂಗ ಹೇಳಲಿ?”

ಅಷ್ಟರಲ್ಲಿ ಫೋನು ಬಂತು. ಅವನು ಮರದ ಕೆಳಗೆ ನಿಂತೇ ಹೇಳಿದ: “ಮೂರರಾಗ್ರಿ ಯಜಮಾನ್ರ.” ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

ಹಡಗಲಿಯವರೆಗೆ ಅವನು ಏರು ಬರುವ ಮೊದಲೇ ಗೇರು ಇಳಿಸುವುದನ್ನು, ಕಾಲು ಒತ್ತದೆ ಇಂಜಿನ್ನಿನ ಸದ್ದಿಗೆ ಕಿವಿಗೊಡುವುದನ್ನು ನೋಡಿದೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಮೇಲೇಳಲಿಲ್ಲ. ನಾನು ಕೃತಜ್ಞಳಾಗಬೇಕಿತ್ತು. ಬದಲಿಗೆ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಅಪ್ಪ ನನ್ನ ಬೋರ್ಡು ಒರೆಸುತ್ತಾನೆ, ಅದನ್ನು ಕಂಡವನು ಇವನು.

ಅಪ್ಪನಿಗೆ ನಿಜ ಹೇಳಲು ಎಷ್ಟೋ ಸಂಜೆಗಳಿದ್ದವು. ‘ಗೇರ್ ಮರ್ತಾತ’ ಎಂದು ಅಪ್ಪ ನಕ್ಕಾಗಲೆಲ್ಲ ಬಾಯಿಗೆ ತುತ್ತು ಹಾಕಿಕೊಂಡೆ. ಹೇಳಿದರೆ ಅವನ ಮೇಲಿದ್ದ ಆ ಒಂದೇ ಕಲೆಯೂ ಹೋಗುತ್ತಿತ್ತು... ನನಗೆ ಆ ಕಲೆ ಬೇಕಿತ್ತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೂ, ನೋಡಲು ಬಂದ ಅವನನ್ನು ಅಪ್ಪ ಕೇಳಿದ್ದು ಅದೇ: “ಎಷ್ಟ್ರಾಗ ಅದೀಲೇ?” ಅವನು ಕೈ ಹಿಡಿದು ಹೇಳಿದ: “ಮೂರರಾಗ್ರಿ.” ನಾನು ಕಾಲ ಬಳಿ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಅಪ್ಪ ಹೋದ ಮೇಲೆ ಗಾಡಿ ಮಾರಿದೆವು. ಕೊಂಡವನಿಗೆ ಕೀಲಿ ಕೊಡುವ ಮುನ್ನ ಗಾಡಿಯಣ್ಣ ಬೋರ್ಡು ಬಿಚ್ಚಿಕೊಂಡಿದ್ದನಂತೆ. ನನಗೆ ಅದರ ನೆನಪೇ ಬಂದಿರಲಿಲ್ಲ.

ಈಗ ಅದು ನನ್ನ ಮೇಜಿನ ಮೇಲಿದೆ. ‘ತಂದೆಯ’ ಎಂಬ ಅಕ್ಷರಗಳ ಹಳದಿ ಬಣ್ಣ ಸವೆದು ತಗಡು ಕಾಣುತ್ತದೆ. ಅಪ್ಪನ ಟವೆಲ್ಲು ದಿನವೂ ತಿಕ್ಕಿ ಸವೆದದ್ದೋ, ದಾರಿಯುದ್ದಕ್ಕೂ ಕಂಬಳಿ ಉಜ್ಜಿ ಸವೆದದ್ದೋ? ಅಪ್ಪ ಒರೆಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಾನು ಏಳುವ ಹೊತ್ತಿಗೆ ಗಾಡಿ ಊರು ದಾಟಿರುತ್ತಿತ್ತು. ಮುಖ ಬಾಡಿದ ಹುಡುಗಿಯ ಸಮಾಧಾನಕ್ಕೆ ಅವನು ಹೇಳಿದ ಮಾತೂ ಇರಬಹುದು. ಕೇಳೋಣವೆಂದರೆ ಇಬ್ಬರೂ ಇಲ್ಲ.

ಅವನ ಹೆಂಡತಿ ಹೊರಡುವಾಗ ಎಲ್ಲ ಹೇಳಿಬಿಟ್ಟೆ: ಬೋರ್ಡು, ಕುದ್ದ ನೀರು, ಗೇರು ಮರೆಯದಿದ್ದ ಅವನು. ಆಕೆ ಸೆರಗು ಸರಿಮಾಡಿಕೊಂಡು, “ನನಗ ಗೊತ್ತೈತ್ರಿ ಅಕ್ಕಾರ, ಅವತ್ತೇ ಹೇಳಿದ್ರು” ಎಂದು ಬಸ್ಸಿಗೆ ನಡೆದಳು.

ಕಂಬಳಿಯನ್ನು ಕೊಟ್ಟು ಕಳಿಸಬೇಕಿತ್ತು. ಇಟ್ಟುಕೊಂಡೆ. ಆ ಬೆಳಗುಗಳನ್ನೆಲ್ಲ ಕಂಡವನ ವಾಸನೆ ಅದರಲ್ಲಿದೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.