ದೋಣಿಯ ಫ್ಯಾನ್ ಮತ್ತು ನನ್ನ ಸಿಟ್ಟು

ಮೊನ್ನೆ ಪುತ್ತೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಾಯಸ ಬರುವ ಹೊತ್ತಿಗೆ ಹಿಂದಿನಿಂದ ಒಂದು ಕೈ ನನ್ನ ಹೆಗಲ ಮೇಲೆ ಬಿತ್ತು.

"ಎಂತ ಮಾರಾಯ್ರೆ, ಕಾಣುದೇ ಇಲ್ಲ?"

ತಿರುಗಿದರೆ ಪ್ರಭಾಕರ. ನಗುತ್ತಿದ್ದ. ಆ ನಗು ನೋಡಿದ್ದೇ ತಡ, ಎಲೆಯ ಮೇಲಿದ್ದ ಕೈ ಹಿಂದಕ್ಕೆ ತೆಗೆದೆ. ಎಲೆಯ ಮೇಲೆ ಬಿದ್ದ ಪಾಯಸ ಹಾಗೇ ಉಳಿಯಿತು. ನಾನು ಪಾಯಸ ಬಿಡುವವನಲ್ಲ, ನನ್ನನ್ನು ಬಲ್ಲವರನ್ನು ಕೇಳಿ ನೋಡಿ.

ಸಿಟ್ಟು ನನಗೆ ಹೊಸತೇನೂ ಅಲ್ಲ. ನನ್ನದೊಂದು ಲೇತ್ ಅಂಗಡಿ. ನಾನು ಕೂಗಾಡುವುದು ಹೊರಗೆ ಕೇಳಿದರೆ ಪಕ್ಕದ ಹೋಟೆಲಿನವರು ಬಂದ ಗಿರಾಕಿಗಳಿಗೆ, "ಒಂದು ಚಾ ಕುಡಿದು ಹೋಗಿ, ಲೇತಿನವರು ಬಿಸಿ ಉಂಟು" ಎಂದು ಹೇಳಿ ತಮ್ಮ ವ್ಯಾಪಾರ ಮಾಡಿಕೊಳ್ಳುತ್ತಾರೆ. ಆ ಸಿಟ್ಟಿಗೆ ಆಯಸ್ಸು ಕಡಿಮೆ. ಚಾ ಮುಗಿಯುವುದರೊಳಗೆ ಆರಿರುತ್ತದೆ. ಪ್ರಭಾಕರನ ಮೇಲಿನದು ಮಾತ್ರ ಬೇರೆ ನಮೂನೆಯದು.

ಕಡಬದ ಹತ್ತಿರ ಕುಮಾರಧಾರೆಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅವನದೊಂದು ರೆಸಾರ್ಟ್ ಇತ್ತು. ಅಲ್ಲಿಗೆ ಅವನು ಗೋವಾದಿಂದ ಒಂದು ಹಳೆಯ ಸ್ಕೀ ದೋಣಿ ತರಿಸಿದ. ಕಾಲಿಗೆ ಹಲಗೆ ಕಟ್ಟಿಕೊಂಡು, ಹಗ್ಗ ಹಿಡಿದು, ದೋಣಿ ಎಳೆದಂತೆ ನೀರಿನ ಮೇಲೆ ಜಾರುವ ಆಟ ಟಿವಿಯಲ್ಲಿ ನೀವೂ ನೋಡಿರಬಹುದು. ಈ ದೋಣಿಯ ಎಂಜಿನ್ ಹಿಂಬದಿಗೆ ನೇತಾಡುವುದಿಲ್ಲ, ಹೊಟ್ಟೆಯೊಳಗೇ ಕೂತಿರುತ್ತದೆ. ಅಲ್ಲಿಂದ ಒಂದು ಶಾಫ್ಟ್ ದೋಣಿಯ ತಳವನ್ನು ತೂರಿ ನೀರಿಗಿಳಿಯುತ್ತದೆ. ಅದರ ತುದಿಯಲ್ಲಿ ಮೂರು ರೆಕ್ಕೆಯ ಕಂಚಿನ ಪ್ರೊಪೆಲ್ಲರ್. ನಮ್ಮ ಕಡೆಯವರ ಬಾಯಲ್ಲಿ ಅದು ಫ್ಯಾನ್.

ದೋಣಿ ಓಡಿಸಲು ಬಂದವಳು ನೆಲ್ಯಾಡಿಯ ಸಿಸಿಲಿ. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ರಬ್ಬರ್ ಹಾಲಿನ ವಾಸನೆ ಆಗುವುದಿಲ್ಲವೆಂದು ಇವಳು ಆಲಪ್ಪುಳಕ್ಕೆ ಹೋಗಿ ವರ್ಷಗಟ್ಟಲೆ ಬೋಟು ಓಡಿಸಿದ್ದಳು. ಮಾತು ಕಡಿಮೆ. ಆಡಿದರೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಅಷ್ಟೇ ಕಡಿಮೆ.

ಒಂದು ಬೇಸಿಗೆಯಲ್ಲಿ ನೀರು ಇಳಿದಿತ್ತು. ಮೇಲಿನ ತಿರುವಿನಲ್ಲಿ ಬಂಡೆ ಉಂಟು, ಅತ್ತ ಬೇಡ ಎಂದು ಸಿಸಿಲಿ ಹೇಳುತ್ತಲೇ ಇದ್ದಳು. ಅತಿಥಿಗಳ ಎದುರು ಗತ್ತು ತೋರಿಸಲು ಪ್ರಭಾಕರ ತಾನೇ ಸ್ಟಿಯರಿಂಗ್ ಹಿಡಿದ. ಬಂಡೆ ತನ್ನ ಕೆಲಸ ಮಾಡಿತು. ಮಾರನೆಯ ದಿನ ಸಿಸಿಲಿ ಫ್ಯಾನನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದಳು. ಒಂದು ರೆಕ್ಕೆ ಮಡಚಿತ್ತು. ಅದರ ಬುಡಕ್ಕೆ ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣ ಬಳಿದೆವು. ಒಳಗೆ ಇಳಿದಿದ್ದ ಎಣ್ಣೆ ಸ್ವಲ್ಪ ಹೊತ್ತಿನಲ್ಲೇ ಸುಣ್ಣದ ಮೇಲೆ ಕೂದಲೆಳೆಯಂಥ ಒಂದು ಗೆರೆಯಾಗಿ ಮೂಡಿತು. ಬಿರುಕು.

ಪ್ರಭಾಕರನಿಗೆ ಫೋನು ಮಾಡಿದೆ. "ಅಂಚು ಬಗ್ಗಿದ್ದರೆ ತಟ್ಟಿ ಸರಿ ಮಾಡಿ ಕೊಡ್ತಿದ್ದೆ. ಇದು ಬುಡದಲ್ಲೇ ಹೋಗಿದೆ. ಹೊಸತು ತರಿಸಿ."

"ಒಂದು ವೆಲ್ಡಿಂಗ್ ಹೊಡೀರಿ ಮಾರಾಯ್ರೆ. ನೀರಿನ ಅಡಿಯಲ್ಲಿ ಯಾರು ನೋಡುದು?"

ನಾನು ಒಪ್ಪಲಿಲ್ಲ. ಹೊಸತಕ್ಕೆ ಅಗಲ ಎಷ್ಟಿರಬೇಕು, ರೆಕ್ಕೆಯ ಓರೆ ಎಷ್ಟಿರಬೇಕು, ಯಾವ ಕಡೆಗೆ ತಿರುಗುವುದಿರಬೇಕು ಎಂದು ಬಿಡಿಸಿ ಹೇಳಿದೆ. ಅವನು ಹೂಂಗುಟ್ಟಿದ. ಹೂಂಗುಟ್ಟುವವರೆಲ್ಲ ಕೇಳಿಸಿಕೊಳ್ಳುತ್ತಾರೆಂದು ಈ ವಯಸ್ಸಿನಲ್ಲೂ ನಂಬುವವನು ನಾನು. ಎಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಅವನು ತಂದ ಫ್ಯಾನು ಬಲಕ್ಕೆ ತಿರುಗುವುದು. ದೋಣಿಯ ಶಾಫ್ಟ್ ತಿರುಗುವುದು ಎಡಕ್ಕೆ. ಸಿಸಿಲಿ ಬೇಡವೆಂದರೂ ಹಾಕಿಸಿದ. ಮುಂದಿನ ಗೇರಿಗೆ ಹಾಕಿದ ಕೂಡಲೇ ದೋಣಿ ಹಿಂದಕ್ಕೆ ಹಾರಿ ಕಟ್ಟೆಗೆ ಗುದ್ದಿತು. ಅತಿಥಿಗಳು ನಕ್ಕರು. ಯಾರಾದರೂ ನಕ್ಕರೆ ಪ್ರಭಾಕರನಿಗೆ ಆಗುವುದಿಲ್ಲ. ಅಂದೇ, ನಾನು ವಾಪಸ್ ಕಳಿಸಿದ್ದ ಹಳೆಯ ಫ್ಯಾನನ್ನು ಯಾರಿಂದಲೋ ವೆಲ್ಡಿಂಗ್ ಮಾಡಿಸಿ, ಸುತ್ತಿಗೆಯಲ್ಲಿ ಬಡಿದು ಶಾಫ್ಟಿಗೆ ಕೂರಿಸಿದ.

ಸಿಸಿಲಿ ಹೇಳಿದಳು, "ಇದನ್ನು ಹಾಕಿದ ದೋಣಿಯಲ್ಲಿ ನಾನು ಜನ ಕೂರಿಸುದಿಲ್ಲ."

"ಹಾಗಾದ್ರೆ ಕೀ ಇಟ್ಟು ಮನೆಗೆ ಹೋಗು."

ಅವಳು ಕೀ ಇಟ್ಟಳು. ಶೆಡ್ಡಿನಿಂದ ತನ್ನ ಬಟ್ಟೆಬರೆ ತೆಗೆದುಕೊಳ್ಳುವಷ್ಟರಲ್ಲಿ ಪ್ರಭಾಕರ ದೋಣಿ ಹೊರಡಿಸಿಯಾಗಿತ್ತು. ಹಿಂದೆ ಹಗ್ಗ ಹಿಡಿದು ನಿಂತದ್ದು ಅವನದೇ ತಂಗಿಯ ಮಗಳು ಶ್ರಾವ್ಯಾ, ಕಾಲೇಜಿನ ಹುಡುಗಿ. ನದಿಯ ನಡುವೆ ಬೆಸುಗೆ ಹಾಕಿದ ರೆಕ್ಕೆ ಕಿತ್ತುಹೋಯಿತು. ಉಳಿದೆರಡರ ತೂಕ ಒಂದೇ ಬದಿಗಾಗಿ ಶಾಫ್ಟ್ ಹುಚ್ಚು ಹಿಡಿದಂತೆ ಅಲುಗಿ ತಳವನ್ನು ಸೀಳಿತು. ನೀರು ನುಗ್ಗಿತು. ಹುಡುಗಿಯ ತೋಳಿಗೆ ಹಗ್ಗ ಸುತ್ತಿಕೊಂಡಿತ್ತು. ಈಜು ಬಾರದ ಪ್ರಭಾಕರ ಮುಳುಗುತ್ತಿದ್ದ ದೋಣಿಯ ಅಂಚನ್ನು ಅಪ್ಪಿಕೊಂಡು ಕೂಗುತ್ತಿದ್ದ. ದಡದಲ್ಲಿದ್ದ ಮೀನು ಹಿಡಿಯುವ ಸಣ್ಣ ದೋಣಿಯನ್ನು ನೀರಿಗೆ ತಳ್ಳಿ, ಹುಟ್ಟು ಹಾಕಿಕೊಂಡು ಹೋಗಿ, ಮೊದಲು ಹುಡುಗಿಯನ್ನು, ಆಮೇಲೆ ಅವನನ್ನು ದಡ ಸೇರಿಸಿದವಳು ಸಿಸಿಲಿ.

ಇಷ್ಟಾದ ಮೇಲೆ ಒಬ್ಬ ಮನುಷ್ಯ ಏನು ಮಾಡಬೇಕು, ನೀವೇ ಹೇಳಿ. ಪ್ರಭಾಕರ ಠಾಣೆಗೆ ಹೋಗಿ, ಕೆಲಸದಿಂದ ತೆಗೆದ ಸೇಡಿಗೆ ಸಿಸಿಲಿ ಫ್ಯಾನಿನ ನಟ್ ಸಡಿಲ ಮಾಡಿ ಹೋಗಿದ್ದಾಳೆ ಎಂದು ದೂರು ಕೊಟ್ಟ.

ಸಿಸಿಲಿಯ ಫೋನು ಬಂತು. "ಅಣ್ಣ, ನಾನು ನಟ್ ಮುಟ್ಲಿಲ್ಲ."

ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿ. ಅವನ ಸುಳ್ಳು ಕೇಳಿ ಹುಟ್ಟಿದ್ದಲ್ಲ. ಇಬ್ಬರ ಜೀವ ಉಳಿಸಿ ಬಂದವಳು, ನನಗೆ, ಆ ಬಿರುಕನ್ನು ಅವಳ ಜೊತೆಗೇ ಕಂಡವನಿಗೆ, ತಾನು ತಪ್ಪು ಮಾಡಿಲ್ಲವೆಂದು ಹೇಳಿಕೊಳ್ಳಬೇಕಾಯಿತಲ್ಲ, ಅದಕ್ಕೆ. ಬೈಕ್ ಹತ್ತಿದೆ. ಕಡಬ ಮುಟ್ಟುವವರೆಗೆ ಹೆಲ್ಮೆಟ್ಟಿನೊಳಗೆ ಪ್ರಭಾಕರನನ್ನು ಬೈಯುತ್ತ ಹೋದದ್ದಕ್ಕೆ ಗಾಜಿನ ಮೇಲೆಲ್ಲ ಮಂಜು ಕಟ್ಟಿ ಎರಡು ಸಲ ನಿಲ್ಲಿಸಿ ಒರೆಸಬೇಕಾಯಿತು.

ದೋಣಿಯನ್ನು ದಡಕ್ಕೆ ಎಳೆದು ಹಾಕಿದ್ದರು. ಎಸ್‌ಐ ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. "ನೋಡಿ ಸರ್, ನಟ್ ಇದ್ದಲ್ಲೇ ಉಂಟು. ಅದು ಕಳಚದ ಹಾಗೆ ಹಾಕುವ ಪಿನ್ನೂ ಉಂಟು. ಸಡಿಲ ಆಗಿದ್ದರೆ ಇಡೀ ಫ್ಯಾನೇ ಕಳಚಿ ಹೋಗಬೇಕಿತ್ತು. ಹೋದದ್ದು ಒಂದು ರೆಕ್ಕೆ, ಅದೂ ವೆಲ್ಡಿಂಗ್ ಹಾಕಿದಲ್ಲಿಗೇ."

ಪ್ರಭಾಕರ ಏನೋ ಹೇಳಲು ಬಾಯಿ ತೆರೆದ. ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಶ್ರಾವ್ಯಾ ನಡುವೆ ಬಂದಳು. "ಮಾವ, ಸಾಕು. ನನ್ನನ್ನು ನೀರಿಂದ ಎತ್ತಿದ್ದು ಅವರು. ನೀವು ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ."

ಪ್ರಭಾಕರ ದೂರು ಹಿಂತೆಗೆದುಕೊಂಡ. ಏನೋ ತಪ್ಪು ತಿಳುವಳಿಕೆ ಆಯಿತು ಎಂದು ಅವನು ಎಸ್‌ಐ ಅವರಿಗೆ ಹೇಳಿದ. ಸಿಸಿಲಿಗೆ ಒಂದು ಮಾತೂ ಹೇಳಲಿಲ್ಲ. ದೂರು ಅಳಿಸಿದರೂ ಮಾತು ಅಳಿಯಲಿಲ್ಲ. ಆಮೇಲೆ ಅವಳು ಕೆಲಸ ಕೇಳಿಕೊಂಡು ಹೋದಲ್ಲೆಲ್ಲ, "ಓ, ನಟ್ ಸಡಿಲ ಮಾಡಿದವಳಾ?" ಎಂದೇ ಕೇಳಿದರು. ಪ್ರಭಾಕರನಿಗೆ ಮಾತ್ರ ಊರಿನಲ್ಲಿ ಇಂದಿಗೂ ಮುಂದಿನ ಸಾಲಿನ ಕುರ್ಚಿ.

ಅವನ ಕೈ ಮೊನ್ನೆ ನನ್ನ ಹೆಗಲ ಮೇಲಿತ್ತು. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದೆ, "ಸಿಸಿಲಿ ನಟ್ ಮುಟ್ಲಿಲ್ಲ, ನೀವು ಕೊಟ್ಟ ದೂರು ಸುಳ್ಳು ಅಂತ ಇಲ್ಲಿ ಒಮ್ಮೆ ಹೇಳಿ ಪ್ರಭಾಕರರೇ. ಮತ್ತೆ ಬೇರೆ ಮಾತಾಡುವ."

ಹೆಗಲ ಮೇಲಿನ ಕೈ ಎದ್ದಿತು. "ಊಟದ ಹೊತ್ತಿಗೆ ಅದೆಲ್ಲ ಯಾಕೆ ಮಾರಾಯ್ರೆ" ಎನ್ನುತ್ತ ಅವನು ಬೇರೆ ಪಂಕ್ತಿಗೆ ಹೋದ. ಬಡಿಸುವವರ ಸೌಟು ನನ್ನ ಎಲೆಯ ಮೇಲೆ ಅರೆಗಳಿಗೆ ನಿಂತು ಮುಂದೆ ಹೋಯಿತು. ಎದುರು ಸಾಲಿನ ಹೆಂಗಸೊಬ್ಬರು, "ಹಾಗಾದ್ರೆ ಆ ಹುಡುಗಿ ಮಾಡಿದ್ದಲ್ವಾ?" ಎಂದು ಕೇಳಿದರು. ಅಲ್ಲ ಎಂದೆ. ಬುಡದಿಂದ ಎಲ್ಲವನ್ನೂ ಹೇಳಿದೆ. ಎರಡು ಪಂಕ್ತಿಯವರು ಕೇಳಿಸಿಕೊಂಡರು.

ನಿನ್ನೆ ನೆಲ್ಯಾಡಿಗೆ ಹೋಗಿದ್ದೆ. ಪ್ರಭಾಕರ ಗುಜರಿಗೆ ಹಾಕಿದ ಆ ದೋಣಿಯನ್ನು ಸಿಸಿಲಿಯೇ ಕೊಂಡು, ತನ್ನ ಸ್ವಂತ ಅಣ್ಣನ ಜೊತೆ ಸೇರಿ ತಳ ಕಟ್ಟಿಸಿದ್ದಾಳೆ. ಫ್ಯಾನನ್ನು ಈ ಸಲ ಅವಳೇ ಆರಿಸಿ ತಂದಿದ್ದಳು. ಅದರ ತೂತಿಗೆ ಲೋಹ ಸವೆಸಿ ನಯ ಮಾಡುವ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಶಾಫ್ಟಿನ ಮೊನೆಗೆ ಏರಿಸಿ, ಇಬ್ಬರೂ ಸರದಿಯ ಮೇಲೆ ಕೈಯಲ್ಲೇ ತಿರುಗಿಸಿ ತಿರುಗಿಸಿ ಉಜ್ಜಿದೆವು. ಒರೆಸಿ ನೋಡಿದರೆ ಸುತ್ತಲೂ ಒಂದೇ ಸಮ ಬೂದು ಬಣ್ಣ. ಲೋಹಕ್ಕೆ ಲೋಹ ಎಲ್ಲ ಕಡೆ ತಾಗಿತ್ತು. ಆ ಹೊತ್ತಿನಲ್ಲಿ ಅವಳಿಗೆ ಮದುವೆ ಮನೆಯ ಸಂಗತಿ ಹೇಳಿದೆ. ಅವಳು ನಟ್ ಬಿಗಿ ಮಾಡುತ್ತ ಕೇಳಿಸಿಕೊಂಡಳು.

"ಈಗ ಸಿಟ್ಟು ಇಳಿಯಿತಾ ಅಣ್ಣ?"

"ಇಲ್ಲ."

"ನನಗೂ ಇಲ್ಲ," ಎಂದು ತಲೆ ಎತ್ತದೆ ಕೈ ಚಾಚಿದಳು. "ಪಿನ್ ಕೊಡಿ."